ಮೇಲುರುಜು ಹಾಕುವವರು ಯಾರು? ಊರಿನಲ್ಲಿದ್ದು ಬ್ರಿಟಿಷ್ ಪಾಸ್‌ಪೋರ್ಟಿಗೆ ಅರ್ಜಿ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ಹತ್ತು ಹನ್ನೆರಡು ವರ್ಷ ದುಡಿದು, ಅಲ್ಲಿಯ ಪೌರತ್ವ ಪಡೆದು, ಅಪ್ಪ ಅಮ್ಮನಿಗೆ ವಯಸ್ಸಾಯಿತೆಂದೋ ಮಕ್ಕಳಿಗೆ ಕನ್ನಡ ಬರಲೆಂದೋ ಊರಿಗೆ ಮರಳಿದ ಕುಟುಂಬಗಳು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಬೇಕಾದಷ್ಟಿವೆ. ನಮ್ಮದೂ ಅಂಥದ್ದೊಂದು. ಇರುವುದು ಹುಟ್ಟಿದ ಊರಿನಲ್ಲಿ, ಆದರೆ ಪಾಸ್‌ಪೋರ್ಟಿನ ಲೆಕ್ಕದಲ್ಲಿ ನಾವು ವಿದೇಶವಾಸಿಗಳು. ಇಬ್ಬರು ಮಕ್ಕಳ ಅರ್ಜಿಗಳಿಗಾಗಿ ನಾನು ನಾಲ್ಕು ಸಲ ಸಹಿ ಹುಡುಕಿಕೊಂಡು ಅಲೆದಿದ್ದೇನೆ. ಒಂದು ಸಲ ನನ್ನದೇ ತಪ್ಪಿನಿಂದ ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಆಮೇಲೆ ಮದುವೆ ಮನೆಯಲ್ಲಿ, ಶಾಲೆಯ ಗೇಟಿನ ಬಳಿ, ಪತ್ರಗಳಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿಯ ಜೊತೆಗೆ ಬರುವ ಸೂಚನೆಗಳನ್ನು ಓದದೆ ಪೆನ್ನು ಎತ್ತಬೇಡಿ.

## ಮೊದಲಿಗೆ

ಮೇಲುರುಜು ಎಂದರೇನು? ನೋಟರಿ ಮಾಡಿಸಿದರೆ ಸಾಲದೇ?

ಅರ್ಜಿ ಹಾಕಿರುವ ಮನುಷ್ಯ ನೀವೇ, ಫೋಟೊದಲ್ಲಿರುವ ಮುಖ ನಿಮ್ಮದೇ ಎಂದು ನಿಮ್ಮನ್ನು ಬಲ್ಲ ಇನ್ನೊಬ್ಬರು ಬರೆದುಕೊಡುವುದು, ಅಷ್ಟೆ. ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿದೆಯೆಂದು 'ಮೇಲುರುಜು' ಎನ್ನುತ್ತಿದ್ದೇನೆ. ಆದರೆ ಆ ಪದವೇ ಕೊಂಚ ದಾರಿ ತಪ್ಪಿಸುತ್ತದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ಬರೆದದ್ದಕ್ಕೆ ಮೇಲಧಿಕಾರಿ ಹಾಕುವುದು ಮೇಲುರುಜು. ಇಲ್ಲಿ ಮೇಲಿನವರು ಯಾರೂ ಬೇಕಿಲ್ಲ, ಪಕ್ಕದವರು ಬೇಕು.

ನೋಟರಿ ಸಾಲದು. ಕೋರ್ಟಿನ ಎದುರು ಮೇಜು ಹಾಕಿಕೊಂಡು ಕುಳಿತ ವಕೀಲರು ನಿಮ್ಮನ್ನು ನೋಡುವುದು ಅಂದೇ ಮೊದಲು. ಅವರ ಕೆಂಪು ಮುದ್ರೆಗೆ ನಮ್ಮಲ್ಲಿ ಎಷ್ಟೇ ಬೆಲೆಯಿರಲಿ, ಇಲ್ಲಿ ಕೇಳುತ್ತಿರುವುದು ಮುದ್ರೆಯನ್ನಲ್ಲ, ಪರಿಚಯವನ್ನು. ಅದೇ ವಕೀಲರು ನಿಮ್ಮ ಹಳೆಯ ಗೆಳೆಯರಾಗಿದ್ದರೆ ಸಂತೋಷವಾಗಿ ಸಹಿ ಹಾಕಬಹುದು, ಆದರೆ ಗೆಳೆಯರಾಗಿ.

ಎಲ್ಲ ಅರ್ಜಿಗೂ ಇದು ಬೇಕೇ? ನನ್ನದು ಬರೀ ನವೀಕರಣ.

ವಯಸ್ಕರ ಮಾಮೂಲಿ ನವೀಕರಣಕ್ಕೆ ಬೇಡ. ಬೇಕಾಗುವುದು ಇವಕ್ಕೆ: ಮೊದಲ ಸಲದ ಪಾಸ್‌ಪೋರ್ಟು, ದೊಡ್ಡವರದಾಗಲಿ ಮಕ್ಕಳದಾಗಲಿ, ಕಳೆದುಹೋದ, ಕಳುವಾದ ಅಥವಾ ಹಾಳಾದ ಪಾಸ್‌ಪೋರ್ಟಿನ ಬದಲಿ, ಹನ್ನೊಂದು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳ ನವೀಕರಣ, ಹಳೆಯ ಫೋಟೊ ನೋಡಿದರೆ ಗುರುತೇ ಸಿಗದಷ್ಟು ಮುಖ ಬದಲಾಗಿದ್ದರೆ ಯಾರದೇ ನವೀಕರಣ.

ಮಕ್ಕಳ ಪಾಸ್‌ಪೋರ್ಟಿಗೆ ಐದು ವರ್ಷದ ಆಯುಸ್ಸು. ಹುಟ್ಟಿದಾಗ ಒಂದು, ಐದರ ಸುಮಾರಿಗೆ ಒಂದು, ಹತ್ತರ ಸುಮಾರಿಗೆ ಇನ್ನೊಂದು. ಅಂದರೆ ಒಂದು ಮಗುವಿಗೆ ಮೂರು ಸಲ ಈ ಅಲೆದಾಟ ಇದ್ದೇ ಇದೆ. ಸಹಿ ಹಾಕಿದವರ ಸ್ನೇಹವನ್ನು ಕೆಡಿಸಿಕೊಳ್ಳಬೇಡಿ.

ನಮ್ಮ ಭಾವ ದೊಡ್ಡ ಸರ್ಕಾರಿ ಅಧಿಕಾರಿ. ಅವರೇ ಹಾಕಬಹುದಲ್ಲ?

ಹಾಕುವಂತಿಲ್ಲ. ರಕ್ತಸಂಬಂಧವಿರಲಿ, ಮದುವೆಯಿಂದ ಬಂದ ನಂಟಿರಲಿ, ನೆಂಟರು ಯಾರೂ ಆಗುವುದಿಲ್ಲ. ಒಂದೇ ವಿಳಾಸದಲ್ಲಿ ವಾಸಿಸುವವರು, ನಿಮ್ಮ ಸಂಗಾತಿ, ಬ್ರಿಟಿಷ್ ಪಾಸ್‌ಪೋರ್ಟ್ ಕಚೇರಿಯಲ್ಲಿ ಕೆಲಸ ಮಾಡುವವರೂ ಆಗುವುದಿಲ್ಲ.

ನಮ್ಮ ಕಡೆ ಕಷ್ಟವಾಗುವುದು ಇಲ್ಲಿಯೇ. ಲಂಡನ್ನಿನಲ್ಲಿ ನಮ್ಮನ್ನು ಬಲ್ಲವರೆಲ್ಲ ಸಹೋದ್ಯೋಗಿಗಳು, ನೆರೆಯವರು, ಯುಗಾದಿಗೆ ಸೇರುವ ಕನ್ನಡ ಬಳಗದವರು. ಊರಿಗೆ ಬಂದರೆ ನಮ್ಮನ್ನು ಚೆನ್ನಾಗಿ ಬಲ್ಲವರೆಲ್ಲ ನೆಂಟರು! ಪಟ್ಟಿ ಬರೆಯಲು ಕುಳಿತಾಗ ನನ್ನ ಹೆಂಡತಿ ಒಬ್ಬೊಬ್ಬರನ್ನೇ ಹೊಡೆದುಹಾಕಿದಳು: ಇವರು ಸೋದರಮಾವ, ಇವರು ಷಡ್ಡಕ, ಇವರ ಮಗಳನ್ನು ನಮ್ಮ ಚಿಕ್ಕಪ್ಪನ ಮಗನಿಗೆ ಕೊಟ್ಟಿದೆ. ಇಪ್ಪತ್ತೆರಡು ಹೆಸರುಗಳಲ್ಲಿ ಉಳಿದದ್ದು ಮೂರು. ದೂರದ ನಂಟಿಗೂ ಹೀಗೆ ಕತ್ತರಿ ಹಾಕುವುದೇ ಕ್ಷೇಮ.

## ಯಾರನ್ನು ಹುಡುಕುವುದು

ಗೆಜೆಟೆಡ್ ಅಧಿಕಾರಿಯೇ ಬೇಕೇ? ಯಾವ ವೃತ್ತಿಯವರು ನಡೆಯುತ್ತಾರೆ?

ಗೆಜೆಟೆಡ್ ಎಂಬ ಕಲ್ಪನೆಯೇ ಅಲ್ಲಿ ಇಲ್ಲ. ಸಮಾಜದಲ್ಲಿ ಒಳ್ಳೆಯ ಹೆಸರಿರುವವರು, ಅಥವಾ ಮಾನ್ಯ ವೃತ್ತಿಯೊಂದರಲ್ಲಿ ಇರುವವರು ಇಲ್ಲವೇ ಅದರಿಂದ ನಿವೃತ್ತರಾದವರು ಆಗಬೇಕು. ಪಾಸ್‌ಪೋರ್ಟ್ ಕಚೇರಿ ಉದಾಹರಣೆಗೆಂದು ಒಂದು ಉದ್ದನೆಯ ಪಟ್ಟಿಯನ್ನೇ ಕೊಟ್ಟಿದೆ. ಶಿಕ್ಷಕರು, ಉಪನ್ಯಾಸಕರು, ಅಕೌಂಟೆಂಟರು, ಎಂಜಿನಿಯರುಗಳು, ಬ್ಯಾಂಕ್ ಅಧಿಕಾರಿಗಳು, ದಂತವೈದ್ಯರು, ಔಷಧ ಅಂಗಡಿಯ ಫಾರ್ಮಸಿಸ್ಟರು, ಪತ್ರಕರ್ತರು, ಪೊಲೀಸರು, ವಕೀಲರು, ವೃತ್ತಿನಿರತ ಛಾಯಾಗ್ರಾಹಕರು, ಕಂಪನಿಯ ನಿರ್ದೇಶಕರು ಎಲ್ಲರೂ ಅದರಲ್ಲಿದ್ದಾರೆ. ಪಬ್ಬಿನ ಪರವಾನಗಿ ಹೊಂದಿದವರೂ ಶವಸಂಸ್ಕಾರ ನಡೆಸಿಕೊಡುವವರೂ ಇದ್ದಾರೆ. ನಮ್ಮಲ್ಲಿ ಇವರಿಬ್ಬರಿಂದ ಗುರುತಿನ ಸಹಿ ಮಾಡಿಸಿದರೆ ಯಾವ ಕಚೇರಿಯೂ ಒಪ್ಪಲಿಕ್ಕಿಲ್ಲ, ಆದರೆ ಯೋಚಿಸಿ ನೋಡಿ: ಒಂದು ಊರಿನಲ್ಲಿ ಎಲ್ಲರ ಮುಖ ಬಲ್ಲವರು ಇವರಲ್ಲದೆ ಇನ್ಯಾರು?

ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದದ್ದು ಶಿಕ್ಷಕರನ್ನು. ಅವರು ಬರಹಕ್ಕೆ ಹೆದರುವುದಿಲ್ಲ, ಅಕ್ಷರ ದುಂಡಗಿರುತ್ತದೆ.

ಸಹಿ ಹಾಕುವವರು ಬ್ರಿಟಿಷರೇ ಆಗಿರಬೇಕೇ?

ವಿದೇಶದಿಂದ ಕಾಗದದ ಅರ್ಜಿ ಹಾಕುವಾಗ ಹಾಗೇನಿಲ್ಲ. ಬ್ರಿಟನ್, ಐರ್ಲೆಂಡ್, ಐರೋಪ್ಯ ಒಕ್ಕೂಟ, ಅಮೆರಿಕ ಅಥವಾ ಕಾಮನ್‌ವೆಲ್ತ್ ದೇಶವೊಂದರ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಅವರ ಬಳಿ ಇರಬೇಕು. ಭಾರತ ಕಾಮನ್‌ವೆಲ್ತಿನಲ್ಲಿದೆಯಲ್ಲ, ನಮ್ಮ ಕೆಲಸ ಹಗುರವಾಗುವುದು ಅಲ್ಲಿಯೇ. ಗಣರಾಜ್ಯವಾದರೂ ಕೂಟದಲ್ಲಿ ಉಳಿಯಬಹುದೆಂದು 1949ರಲ್ಲಿ ಲಂಡನ್ ಘೋಷಣೆಯಾಯಿತು. ಅದರ ಪುಣ್ಯದಿಂದ ಇವತ್ತು ಶಿವಮೊಗ್ಗದ ಹೆಡ್‌ಮಾಸ್ಟರು ಬ್ರಿಟಿಷ್ ಪಾಸ್‌ಪೋರ್ಟಿನ ಅರ್ಜಿಗೆ ರುಜು ಹಾಕಬಹುದು. ನೇಪಾಳದ ಪಾಸ್‌ಪೋರ್ಟಿನವರಿಗೆ ಈ ಬಾಗಿಲು ಇಲ್ಲ, ಏಕೆಂದರೆ ನೇಪಾಳ ಕೂಟದಲ್ಲಿಲ್ಲ.

ಆದರೆ ಹೆಡ್‌ಮಾಸ್ಟರ ಬಳಿ ಪಾಸ್‌ಪೋರ್ಟ್ ಇರಬೇಕು. ಆಧಾರ್ ನಡೆಯುವುದಿಲ್ಲ, ನಿವೃತ್ತ ನೌಕರರ ಗುರುತಿನ ಚೀಟಿಯೂ ನಡೆಯುವುದಿಲ್ಲ. ಊರಿನ ಅತ್ಯಂತ ಗೌರವಾನ್ವಿತರಲ್ಲಿ ಎಷ್ಟೋ ಮಂದಿ ಪಾಸ್‌ಪೋರ್ಟನ್ನೇ ಮಾಡಿಸಿರುವುದಿಲ್ಲ. ಒಂದು ಉಪಾಯ ಹೇಳುತ್ತೇನೆ: ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಮಗಳ ಬಾಣಂತನಕ್ಕೆ ಹೋಗಿಬಂದ ನಿವೃತ್ತ ಮೇಷ್ಟ್ರುಗಳನ್ನು ಹುಡುಕಿ. ನಮಗೆ ಸಿಕ್ಕಿದವರು ಅಂಥವರೇ. ಬೀರುವಿನ ಒಳಖಾನೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಪಾಸ್‌ಪೋರ್ಟ್ ತೆಗೆದು, ಕನ್ನಡಕ ಏರಿಸಿ, ಮೊದಲು ಅವರೇ ಅವಧಿ ನೋಡಿದರು. ಇನ್ನೂ ಏಳು ತಿಂಗಳಿತ್ತು.

ಫ್ಯಾಮಿಲಿ ಡಾಕ್ಟರು ನಮ್ಮನ್ನು ಇಪ್ಪತ್ತು ವರ್ಷದಿಂದ ಬಲ್ಲರು. ಅವರು ಆಗಬಹುದೇ?

ಡಾಕ್ಟರ ವಿಷಯದಲ್ಲಿ ನಿಯಮ ಸ್ವಲ್ಪ ಬಿಗಿ. ರೋಗಿಯೆಂದು ಬಲ್ಲರೆ ಸಾಲದು. ತಾವು ನಿಮ್ಮ ಸ್ನೇಹಿತರು, ಫೋಟೊ ನೋಡಿದರೆ ಸುಲಭವಾಗಿ ಗುರುತಿಸಬಲ್ಲೆವು ಎಂದು ಅವರು ಹೇಳಬೇಕು. ವೃತ್ತಿಯ ಕಾರಣಕ್ಕಷ್ಟೇ ಪರಿಚಯವಾದ ಯಾರಿಗೂ ಇದೇ ಮಾತು ಅನ್ವಯಿಸುತ್ತದೆ. ವರ್ಷಕ್ಕೊಮ್ಮೆ ತೆರಿಗೆ ಲೆಕ್ಕ ತೋರಿಸಲು ಹೋಗುವ ಆಡಿಟರೂ ಅಷ್ಟೆ. ನಿಮ್ಮ ಮನೆಯ ಗೃಹಪ್ರವೇಶಕ್ಕೆ ಬಂದಿದ್ದರೆ, ನೀವು ಅವರ ಮನೆಯಲ್ಲಿ ಊಟ ಮಾಡಿದ್ದರೆ, ಆಗ ಅವರು ಸ್ನೇಹಿತರು.

ನಾವು ಊರಿಗೆ ಬಂದು ಎಂಟೇ ತಿಂಗಳಾಯಿತು. ಎರಡು ವರ್ಷದ ಪರಿಚಯ ಎಲ್ಲಿಂದ ತರುವುದು?

ಕನಿಷ್ಠ ಎರಡು ವರ್ಷದ ಪರಿಚಯ ಬೇಕೆಂಬುದು ನಿಜ. ಅದನ್ನು ತಿಂಗಳಿನಷ್ಟೂ ಸಡಿಲಿಸಿಕೊಳ್ಳಬೇಡಿ. ಆದರೆ ಹೊಸ ಬಡಾವಣೆಯ ಹೊಸ ನೆರೆಯವರಲ್ಲೇ ಏಕೆ ಹುಡುಕುತ್ತೀರಿ? ನೀವು ವಿದೇಶಕ್ಕೆ ಹೋಗುವ ಮೊದಲಿನ ಪರಿಚಯವೂ ಪರಿಚಯವೇ. ಕಾಲೇಜಿನಲ್ಲಿ ಜೊತೆಗಿದ್ದವರು, ಮೊದಲ ಕೆಲಸದ ಸಹೋದ್ಯೋಗಿಗಳು, ರಜೆಗೆ ಬಂದಾಗಲೆಲ್ಲ ಭೇಟಿಯಾದ ಹಳೆಯ ಗೆಳೆಯರು, ಈಗಲೂ ನಿಮ್ಮ ಮುಖ ಕಂಡರೆ ಗುರುತಿಸುವಂತಿದ್ದರೆ ಸಾಕು. ಅವರು ನಿಮ್ಮ ಊರಿನಲ್ಲೇ ಇರಬೇಕೆಂದಿಲ್ಲ. ನಮ್ಮ ಪರಿಚಯದವರೊಬ್ಬರು ಮೈಸೂರಿನಿಂದ ಹುಬ್ಬಳ್ಳಿಗೆ ಅರ್ಜಿಯನ್ನೂ ಫೋಟೊಗಳನ್ನೂ ಕೊರಿಯರ್ ಮಾಡಿ, ಅದೇ ಕವರಿನಲ್ಲಿ ವಾಪಸು ತರಿಸಿಕೊಂಡರು.

ದುಬೈ, ದೋಹಾಗಳಲ್ಲಿರುವ ಕನ್ನಡಿಗರೂ ಇದನ್ನೇ ಕೇಳುತ್ತಾರೆ. ಅಲ್ಲಿಯ ಸ್ಥಳೀಯ ಪಾಸ್‌ಪೋರ್ಟಿನವರು ಆಗುವುದಿಲ್ಲ, ಆದರೆ ಎದುರು ಫ್ಲ್ಯಾಟಿನ ಮಂಗಳೂರಿನ ಅಕೌಂಟೆಂಟರು ಆಗುತ್ತಾರೆ.

## ಸಹಿ ಹಾಕುವ ದಿನ

ಮಗುವಿಗೆ ಮೂರೇ ತಿಂಗಳು. ಅದನ್ನು ಎರಡು ವರ್ಷದಿಂದ ಬಲ್ಲವರು ಯಾರಿದ್ದಾರೆ?

ಬಲ್ಲವರಾಗಿರಬೇಕಾದದ್ದು ಮಗುವನ್ನಲ್ಲ. ಮಗುವಿನ ಪರವಾಗಿ ಅರ್ಜಿಗೆ ಸಹಿ ಹಾಕುವ ತಂದೆ ಅಥವಾ ತಾಯಿಯನ್ನು ಅವರು ಎರಡು ವರ್ಷದಿಂದ ಬಲ್ಲವರಾಗಿರಬೇಕು, ಮಗುವನ್ನು ಗುರುತಿಸುವಂತಿರಬೇಕು. ಆದ್ದರಿಂದ ತಂದೆಯ ಗೆಳೆಯರಿಂದ ಮೇಲುರುಜು ಮಾಡಿಸುವುದಾದರೆ ಅರ್ಜಿಯಲ್ಲಿ ಸಹಿ ಹಾಕುವುದೂ ತಂದೆಯೇ ಆಗಲಿ. ನಾನು ತಪ್ಪಿದ್ದು ಇಲ್ಲಿಯೇ. ಅರ್ಜಿಗೆ ಹೆಂಡತಿಯ ಸಹಿ, ಮೇಲುರುಜು ನನ್ನ ಗೆಳೆಯನದು. ಅವನು ಅವಳನ್ನು ಬಲ್ಲದ್ದು ಒಂದೂವರೆ ವರ್ಷದಿಂದ, ಮತ್ತು ಪ್ರಾಮಾಣಿಕನಾಗಿ ಅದನ್ನೇ ಬರೆದಿದ್ದ.

ಹೆತ್ತವರ ಗೆಳೆಯರನ್ನು ಒಮ್ಮೆ ಮನೆಗೆ ಕರೆದು ಮಗುವನ್ನು ತೋರಿಸಿ. ಮೊಬೈಲಿನಲ್ಲಿ ಕಳಿಸಿದ ಚಿತ್ರ ನೋಡಿ ಸಹಿ ಹಾಕಿಸಬೇಡಿ.

ಫೋಟೊದ ಹಿಂದೆ ಏನು ಬರೆಯಬೇಕು?

ಕಾಗದದ ಅರ್ಜಿಗೆ ಒಂದೇ ಬಗೆಯ ಎರಡು ಫೋಟೊ ಬೇಕು. ಒಂದರ ಹಿಂದೆ ಮೇಲುರುಜುದಾರರು ತಮ್ಮ ಕೈಯಿಂದಲೇ ಇಂಗ್ಲಿಷಿನಲ್ಲಿ ಬರೆಯುವ ಸಾಲು ಇದು: 'ಐ ಸರ್ಟಿಫೈ ದಟ್ ದಿಸ್ ಈಸ್ ಎ ಟ್ರೂ ಲೈಕ್‌ನೆಸ್ ಆಫ್', ಮುಂದೆ ಅರ್ಜಿದಾರರ ಪೂರ್ಣ ಹೆಸರು, ಕೆಳಗೆ ಸಹಿ, ತಾರೀಖು. ಹೆಸರು ಅರ್ಜಿಯಲ್ಲಿರುವಂತೆಯೇ ಇರಲಿ. ಮೇಷ್ಟ್ರು ನಮ್ಮ ಮಗಳನ್ನು ಹುಟ್ಟಿದಾಗಿನಿಂದ ಕರೆಯುವುದು ಪುಟ್ಟಿ ಎಂದು; ಪೆನ್ನು ಫೋಟೊಗೆ ತಾಗುವ ಮುನ್ನ ಅವಳ ಹೆಸರನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಎದುರಿಗಿಟ್ಟೆ.

ಫೋಟೊದ ಹಿಂಬದಿ ನುಣುಪಾಗಿರುತ್ತದೆ, ಶಾಯಿ ಬೇಗ ಒಣಗುವುದಿಲ್ಲ. ಬರೆದ ತಕ್ಷಣ ಒಂದರ ಮೇಲೊಂದು ಇಟ್ಟರೆ ಹಿಂದಿನ ಬರಹ ಮುಂದಿನ ಮುಖದ ಮೇಲೆ ಮೂಡುತ್ತದೆ. ಫ್ಯಾನಿನ ಕೆಳಗೆ ಹತ್ತು ನಿಮಿಷ ಹರಡಿ, ಅಷ್ಟರಲ್ಲಿ ಕಾಫಿ ಕುಡಿಯಿರಿ. ಗಟ್ಟಿಯಾಗಿ ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಏಳುತ್ತದೆ, ಅದೂ ಬೇಡ.

ಸ್ಟುಡಿಯೊದವರಿಗೂ ಒಂದು ಮಾತು ಹೇಳಿಡಿ. ಅಳತೆ 45 ಮಿಲಿಮೀಟರ್ ಎತ್ತರ, 35 ಮಿಲಿಮೀಟರ್ ಅಗಲ. ಹಿನ್ನೆಲೆ ತಿಳಿ ಬೂದು ಅಥವಾ ಕೆನೆಬಣ್ಣ, ನಮ್ಮವರು ಹಾಕುವ ನೀಲಿಯಲ್ಲ. ಮುಖ್ಯವಾಗಿ, ಮುಖವನ್ನು ಬೆಳ್ಳಗೆ ಮಾಡಬಾರದು, ಕಲೆ ಅಳಿಸಬಾರದು. ನಮ್ಮ ಬೀದಿಯ ಸ್ಟುಡಿಯೊದ ಹುಡುಗ ಕೇಳದೆಯೇ ಮಗನ ಹಣೆಯ ಗಾಯದ ಗುರುತನ್ನು ಒರೆಸಿಹಾಕಿದ್ದ. "ಚೆನ್ನಾಗಿ ಕಾಣಲಿ ಅಂತ ಸರ್" ಎಂದ. ಹೋಲಿಕೆ ನಿಜವೆಂದು ಒಬ್ಬರು ಬರೆದುಕೊಡುವಾಗ ಹೋಲಿಕೆಯೇ ಸುಳ್ಳಾದರೆ ಹೇಗೆ? ಒಂದು ವರ್ಷದೊಳಗಿನ ಕೂಸು ಕಣ್ಣು ತೆರೆದಿರಲೇಬೇಕೆಂದಿಲ್ಲ, ಆರು ವರ್ಷದೊಳಗಿನ ಮಕ್ಕಳು ನೇರವಾಗಿ ಕ್ಯಾಮೆರಾ ನೋಡಲೇಬೇಕೆಂದಿಲ್ಲ.

ಅರ್ಜಿಯಲ್ಲಿ ಅವರು ತುಂಬಬೇಕಾದದ್ದೇನು? ನಾನೇ ತುಂಬಿ ಸಹಿ ಮಾತ್ರ ಹಾಕಿಸಬಹುದೇ?

ಅವರ ಭಾಗವನ್ನು ಅವರೇ ತುಂಬಲಿ. ಹೆಸರು, ವಿಳಾಸ, ಫೋನ್, ವೃತ್ತಿ, ಪಾಸ್‌ಪೋರ್ಟ್ ಸಂಖ್ಯೆ, ಎಷ್ಟು ಕಾಲದಿಂದ ಪರಿಚಯ, ಇಷ್ಟೇ ಇರುವುದು. ನಿಮ್ಮ ಭಾಗ ಪೂರ್ತಿಯಾದ ಮೇಲೆ ಅವರ ಕೈಗೆ ಕೊಡಿ. ಖಾಲಿ ಅರ್ಜಿಗೆ ಸಹಿ ಕೇಳುವುದು ಸಭ್ಯತೆಯೂ ಅಲ್ಲ. ಕಪ್ಪು ಶಾಯಿ ಇರಲಿ. ಅವರ ಹೆಸರೂ ಸಹಿಯೂ ಅವರ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರುವುದು ಒಳ್ಳೆಯದು. ನಮ್ಮ ಮೇಷ್ಟ್ರು ಜೀವನವಿಡೀ ಎರಡು ಇನಿಷಿಯಲ್ ಹಾಕಿ ಹೆಸರು ಬರೆದವರು, ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಬಿಡಿಸಿಕೊಂಡು ಊರಿನ ಹೆಸರೂ ತಂದೆಯ ಹೆಸರೂ ಆಗಿದ್ದವು. ಬ್ರಿಟಿಷ್ ಅಲ್ಲದ ಪಾಸ್‌ಪೋರ್ಟಿನವರಾದರೆ ಫೋಟೊ ಇರುವ ಪುಟದ ಬಣ್ಣದ ನಕಲನ್ನೂ ಲಗತ್ತಿಸಿ.

ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಈ ರಗಳೆ ಇಲ್ಲವೇ?

ಶಾಯಿಯ ಸಹಿ ಇಲ್ಲ, ರಗಳೆ ಇದೆ. ಅಲ್ಲಿ ನೀವು ಒಬ್ಬರ ಹೆಸರನ್ನೂ ಇಮೇಲನ್ನೂ ಕೊಡುತ್ತೀರಿ. ಅವರಿಗೆ ಸಂದೇಶ ಹೋಗುತ್ತದೆ. ಅವರು ಪರದೆಯ ಮೇಲೆ ನಿಮ್ಮ ಫೋಟೊ ನೋಡಿ ದೃಢಪಡಿಸುತ್ತಾರೆ. ಇದಕ್ಕೆ ಚಾಲ್ತಿಯಲ್ಲಿರುವ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ಬೇಕು, ಆದ್ದರಿಂದ ಲಂಡನ್ನಿನಲ್ಲೋ ಲೆಸ್ಟರಿನಲ್ಲೋ ಇರುವ ಹಳೆಯ ನೆರೆಯವರು ನೆನಪಾಗಲಿ. ಮೊದಲೇ ಫೋನ್ ಮಾಡಿ ತಿಳಿಸಿ. ಅಂಥ ಸಂದೇಶ ಬಂದರೆ ಮೋಸದ ಮೇಲ್ ಎಂದು ಅಳಿಸಿಹಾಕುವ ಜಾಣರು ಈಗ ಬಹಳ ಜನ.

## ತೊಡಕುಗಳು

"ನಾಳೆ ನನಗೇನೂ ಆಗುವುದಿಲ್ಲ ತಾನೇ?" ಎಂದು ಕೇಳುತ್ತಾರೆ. ಏನು ಹೇಳಲಿ?

ಇದು ನ್ಯಾಯವಾದ ಭಯ. ಯಾರದೋ ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತು ಮನೆ ಕಳೆದುಕೊಂಡವರ ಕಥೆ ಪ್ರತಿ ಊರಿನಲ್ಲೂ ಇದೆ. ಇದು ಜಾಮೀನಲ್ಲ ಎಂದು ಬಿಡಿಸಿ ಹೇಳಿ. ನಿಮ್ಮ ಸಾಲ, ನಿಮ್ಮ ನಡತೆ, ನೀವು ಮುಂದೆ ಎಲ್ಲಿಗೆ ಹೋಗುತ್ತೀರಿ ಎಂಬುದು ಯಾವುದಕ್ಕೂ ಅವರು ಹೊಣೆಯಲ್ಲ. ಅವರು ಹೇಳುತ್ತಿರುವುದು ಎರಡೇ ಮಾತು: ಈ ಮನುಷ್ಯನನ್ನು ಇಷ್ಟು ವರ್ಷದಿಂದ ಬಲ್ಲೆ, ಈ ಮುಖ ಅವನದೇ.

ಆ ಎರಡು ಮಾತು ಸುಳ್ಳಾದರೆ ಮಾತ್ರ ತೊಂದರೆ. ಪಾಸ್‌ಪೋರ್ಟ್ ಪಡೆಯಲು ಗೊತ್ತಿದ್ದೂ ಸುಳ್ಳು ಹೇಳುವುದು ಬ್ರಿಟನ್ನಿನ 1925ರ ಕಾಯ್ದೆಯೊಂದರ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಸೆರೆವಾಸ. ಇದನ್ನೂ ಮುಚ್ಚಿಡದೆ ಹೇಳಿ. ಕೇಳಿ ಹಿಂಜರಿದರೆ ಒತ್ತಾಯಿಸಬೇಡಿ, ಬೇರೆಯವರನ್ನು ನೋಡಿಕೊಳ್ಳಿ.

ಅಲ್ಲಿಂದ ಫೋನ್ ಮಾಡಿ ವಿಚಾರಿಸುತ್ತಾರಂತೆ, ಹೌದೇ?

ವಿಚಾರಿಸಬಹುದು. ಎಲ್ಲರಿಗೂ ಮಾಡುವುದಿಲ್ಲ, ನಮ್ಮ ನಾಲ್ಕು ಅರ್ಜಿಗಳಲ್ಲಿ ಒಂದಕ್ಕೆ ಮಾತ್ರ ಕರೆ ಬಂತು. ಆ ಕರೆಯನ್ನು ಮೇಷ್ಟ್ರು ಆಮೇಲೆ ಅಭಿನಯಿಸಿಯೇ ತೋರಿಸಿದರು. ಅರ್ಜಿದಾರರ ತಂದೆ ನಿಮಗೇನಾಗಬೇಕು ಎಂದು ಕೇಳಿದರಂತೆ. ಇವರು ಪ್ರೀತಿಯಿಂದ ಇಂಗ್ಲಿಷಿನಲ್ಲಿ, "ನನ್ನ ಮಗನ ಹಾಗೆ" ಎಂದುಬಿಟ್ಟರು. ಆ ಕಡೆ ಮೌನ. ಮಗನೇ ಎಂದು ಮತ್ತೊಮ್ಮೆ ಪ್ರಶ್ನೆ. ಆಮೇಲೆ ಇವರು ತಾವು ಪಾಠ ಹೇಳಿದ ಶಾಲೆ, ಇಸವಿ, ಬೀದಿ ಎಲ್ಲವನ್ನೂ ವಿವರಿಸಿ ಬಚಾವಾದರು. ನೆಂಟರಲ್ಲದವರನ್ನೂ ಮಾವ, ಅಣ್ಣ, ಅಜ್ಜಿ ಎಂದು ಕರೆಯುವ ನಮ್ಮ ರೂಢಿ ಆ ದೇಶದ ಗುಮಾಸ್ತರಿಗೆ ತಿಳಿಯದು. "ನೆಂಟರಲ್ಲ, ಹಳೆಯ ವಿದ್ಯಾರ್ಥಿ" ಎಂದಷ್ಟೇ ಹೇಳಲು ಮೊದಲೇ ತಿಳಿಸಿಡಿ. ಅಪರಿಚಿತ ಸಂಖ್ಯೆಯಿಂದ ವಿದೇಶದ ಕರೆ ಬಂದರೆ ಎತ್ತಲೂ ಹೇಳಿ.

ಯಾರೂ ಸಿಗಲೇ ಇಲ್ಲ. ಹಣ ಕೊಟ್ಟರೆ ಸಹಿ ಹಾಕಿಸಿಕೊಡುವವರು ಇದ್ದಾರಂತೆ?

ಇದ್ದಾರೆ. ಆ ಕಡೆ ತಲೆ ಹಾಕಬೇಡಿ. ಹಣ ಕೇಳುವವರು ನಿಮ್ಮನ್ನು ಬಲ್ಲವರಲ್ಲ, ಎರಡು ವರ್ಷದಿಂದ ಬಲ್ಲೆನೆಂದು ಬರೆಯುವುದೇ ಅವರ ಮೊದಲ ಸುಳ್ಳು, ಅದಕ್ಕೆ ನೀವು ಪಾಲುದಾರರು. ನಿಜವಾಗಿ ಯಾರೂ ಇಲ್ಲದಿದ್ದರೆ ಅರ್ಜಿ ಕಳಿಸುವ ಮೊದಲೇ ಪಾಸ್‌ಪೋರ್ಟ್ ಕಚೇರಿಯನ್ನು ಸಂಪರ್ಕಿಸಿ, ಏಕೆ ಸಿಗುತ್ತಿಲ್ಲ ಎಂದು ವಿವರಿಸಿ ಬರೆಯಿರಿ. ಅದಕ್ಕೂ ಮೊದಲು ಹಳೆಯ ಮದುವೆಯ ಆಲ್ಬಮ್ ತೆರೆದು ನೋಡಿ. ತಮಾಷೆಯಲ್ಲ: ನಮ್ಮ ಎರಡನೆಯ ಮೇಲುರುಜುದಾರರು ಸಿಕ್ಕಿದ್ದು ಗುಂಪು ಫೋಟೊದ ಎಡತುದಿಯಲ್ಲಿ ನಿಂತಿದ್ದ, ನಾವು ಮರೆತೇಬಿಟ್ಟಿದ್ದ ಬ್ಯಾಂಕ್ ಮ್ಯಾನೇಜರರಲ್ಲಿ.

ಪಾಸ್‌ಪೋರ್ಟ್ ಕಳೆದುಹೋಗಿದೆ, ಮುಂದಿನ ವಾರವೇ ಪ್ರಯಾಣ. ಮೇಲುರುಜು ಹುಡುಕುತ್ತಾ ಕೂರಲೇ?

ಒಂದು ವಾರದಲ್ಲಿ ಪೂರ್ಣ ಪಾಸ್‌ಪೋರ್ಟ್ ಬರುವ ಮಾತಿಲ್ಲ. ವಿದೇಶದಲ್ಲಿರುವ ಬ್ರಿಟಿಷ್ ಪ್ರಜೆಗಳಿಗೆ ತುರ್ತು ಪ್ರಯಾಣ ದಾಖಲೆ ಎಂಬುದೊಂದಿದೆ, ಅದಕ್ಕೆ ಅರ್ಜಿ ಹಾಕಿ. ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯಿರಿ. ಹೊಸ ದಾಖಲೆಯ ಮೇಲೆ ಭಾರತದಿಂದ ಹೊರಡುವಾಗ ವಿದೇಶಿಯರ ನೋಂದಣಿ ಕಚೇರಿಯ ಅನುಮತಿಯ ಪ್ರಶ್ನೆಯೂ ಬರುತ್ತದೆ, ಅದನ್ನು ವಿಮಾನ ನಿಲ್ದಾಣಕ್ಕೆ ಹೋಗುವ ಮುನ್ನವೇ ಬಗೆಹರಿಸಿಕೊಳ್ಳಿ. ಪೂರ್ಣ ಪಾಸ್‌ಪೋರ್ಟಿನ ಅರ್ಜಿ, ಅದರ ಮೇಲುರುಜು, ಆಮೇಲೆ.

ನಮ್ಮದು ಬ್ರಿಟಿಷ್ ಅಲ್ಲ, ಕೆನಡಾದ ಪಾಸ್‌ಪೋರ್ಟ್. ಇದೇ ನಿಯಮವೇ?

ಅಲ್ಲ, ಒಂದೊಂದು ದೇಶದ್ದು ಒಂದೊಂದು ರೀತಿ. ಕೆನಡಾದಲ್ಲಿ ಖಾತರಿದಾರರು ಎರಡು ವರ್ಷದಿಂದ ಬಲ್ಲವರಾಗಿರಬೇಕು, ಆದರೆ ಅರ್ಹತೆ ಇದ್ದರೆ ಮನೆಯವರೇ ಆಗಬಹುದು. ಅದರ ಬದಲು ನೆಂಟರಲ್ಲದ ಇಬ್ಬರ ಹೆಸರನ್ನು ವಿಚಾರಣೆಗೆಂದು ಬೇರೆಯಾಗಿ ಕೇಳುತ್ತಾರೆ. ಖಾತರಿದಾರರು ಸಿಗದವರಿಗೆ ಪ್ರಮಾಣ ಮಾಡಿ ಸಲ್ಲಿಸುವ ಘೋಷಣಾಪತ್ರದ ದಾರಿಯೂ ಇದೆ. ಬ್ರಿಟಿಷರಿಗಿಂತ ಇವರೇ ವಾಸಿ ಎಂಬುದು ನನ್ನ ಅಭಿಪ್ರಾಯ. ಆಸ್ಟ್ರೇಲಿಯಾಕ್ಕೆ ಹನ್ನೆರಡು ತಿಂಗಳ ಪರಿಚಯ ಸಾಕು, ನೆಂಟರು ಆಗುವುದಿಲ್ಲ. ಅಮೆರಿಕಕ್ಕೆ ಇಂಥ ಮೇಲುರುಜು ಇಲ್ಲ. ಹದಿನಾರು ವರ್ಷದೊಳಗಿನ ಮಗುವನ್ನು ಕರೆದುಕೊಂಡು ಖುದ್ದಾಗಿ ಹಾಜರಾಗಬೇಕು, ಇಬ್ಬರು ಹೆತ್ತವರ ಒಪ್ಪಿಗೆಯೂ ಬೇಕು.

ಈಗ ಬೇರೆಯವರು ನನ್ನ ಬಳಿಯೇ ಸಹಿ ಕೇಳಿಕೊಂಡು ಬರುತ್ತಿದ್ದಾರೆ. ಹಾಕಲೇ?

ನಿಮಗೆ ಅರ್ಹತೆಯಿದ್ದು, ಎರಡು ವರ್ಷದ ಪರಿಚಯ ನಿಜವಾಗಿದ್ದು, ಮುಖ ಗುರುತಿದ್ದರೆ ಧಾರಾಳವಾಗಿ ಹಾಕಿ. ಅವರು ಅರ್ಜಿ ಪೂರ್ತಿ ತುಂಬಿದ್ದಾರೆಯೇ ನೋಡಿ, ಫೋಟೊ ಹಳೆಯದಲ್ಲವೇ ನೋಡಿ, ನಿಮ್ಮ ಪಾಸ್‌ಪೋರ್ಟಿನ ನಕಲನ್ನು ಯಾರಿಗೆ ಯಾವ ದಿನ ಕೊಟ್ಟಿರಿ ಎಂದು ಡೈರಿಯಲ್ಲಿ ಬರೆದಿಡಿ. ನಕಲಿನ ಮೇಲೆಯೇ ಅದರ ಉದ್ದೇಶವನ್ನು ಅಂಚಿನಲ್ಲಿ ಬರೆಯುವ ಅಭ್ಯಾಸ ನನ್ನದು, ಮುಖ ಮತ್ತು ಸಂಖ್ಯೆ ಮುಚ್ಚದಂತೆ.

ಹೋದ ತಿಂಗಳು ಗೆಳೆಯರೊಬ್ಬರ ಶಿಫಾರಸು ಹಿಡಿದು, ನಾನು ಕಂಡೇ ಇರದ ದಂಪತಿ ಬಂದಿದ್ದರು, ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಇಲ್ಲವೆನ್ನಲು ನನಗೂ ಕಷ್ಟವಾಯಿತು. ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಹಾಸಿ, ಅವರಿಬ್ಬರ ನೆಂಟರಲ್ಲದ ಪರಿಚಯದವರ ಪಟ್ಟಿ ಬರೆಸಿದೆ. ಹನ್ನೊಂದನೆಯ ಹೆಸರಿಗೆ ಬಂದಾಗ ಆಕೆ ಪೆನ್ನು ನಿಲ್ಲಿಸಿ ಗಂಡನ ಮುಖ ನೋಡಿದರು: ಮಗನ ಸಂಗೀತದ ಮೇಡಂ, ಕಾಲೇಜಿನಲ್ಲಿ ಉಪನ್ಯಾಸಕಿ, ಪ್ರತಿ ವರ್ಷ ಸಿಂಗಪುರಕ್ಕೆ ಹೋಗಿಬರುವವರು.